ಹಳೆಯ ಫೋನಿಗೂ ಅದೇ ಮುಖ ಬೇಕು

ಯಲಹಂಕದ ಕಾಲೇಜೊಂದರಲ್ಲಿ ಭೌತವಿಜ್ಞಾನವನ್ನು ಬೋಧಿಸುತ್ತಿರುವ ನಮಗೆ, ಪ್ರಯೋಗಶಾಲೆಯಲ್ಲಿ ನಡೆದ ಒಂದು ಸಣ್ಣ ಪ್ರಸಂಗವೇ ಈ ಲೇಖನಕ್ಕೆ ಪ್ರೇರಣೆಯಾಯಿತು. ಸರಳ ಲೋಲಕದಿಂದ ಗುರುತ್ವ ವೇಗೋತ್ಕರ್ಷವನ್ನು ಕಂಡುಹಿಡಿಯುವ ಪ್ರಯೋಗ ವಾಚಕರಿಗೆ ಪರಿಚಿತವಾದುದೇ. ಒಂದು ಮೀಟರ್ ಉದ್ದದ ಲೋಲಕವು ಬೆಂಗಳೂರಿನಲ್ಲಿ 20 ಆಂದೋಲನಗಳಿಗೆ ಸುಮಾರು 40.2 ಸೆಕೆಂಡುಗಳನ್ನು ತೆಗೆದುಕೊಳ್ಳುತ್ತದೆ. ಇಂಥ ಅಳತೆಗಳನ್ನು ದಾಖಲಿಸಿ ಲೆಕ್ಕ ಹಾಕಲೆಂದು ಹಿರಿಯ ತರಗತಿಯ ಹುಡುಗರು ಒಂದು ಪುಟ್ಟ ಮೊಬೈಲ್ ಆ್ಯಪ್ ಸಿದ್ಧಪಡಿಸಿದ್ದರು. ಕಪ್ಪು ಹಿನ್ನೆಲೆ, ಬಿಳಿಯ ಅಂಕೆಗಳು. ನೋಡಲು ಬಹು ಸೊಗಸಾಗಿದ್ದಿತು. ಆದರೆ ಒಬ್ಬ ವಿದ್ಯಾರ್ಥಿನಿಯ ಪರದೆಯ ಮೇಲೆ ಮಾತ್ರ ಅಂಕೆಗಳೇ ಕಾಣಿಸಲಿಲ್ಲ. ಆಕೆಯದು ಅಣ್ಣ ಉಪಯೋಗಿಸಿ ಬಿಟ್ಟ ಹಳೆಯ ಫೋನು. ಅದರಲ್ಲಿದ್ದುದು ಆಂಡ್ರಾಯ್ಡ್ 7. ತಾನೇ ಏನನ್ನೋ ತಪ್ಪಾಗಿ ಒತ್ತಿರಬೇಕೆಂದು ಭಾವಿಸಿ, ಯಾರಿಗೂ ಹೇಳದೆ ಆಕೆ ಅರ್ಧ ಗಂಟೆ ಸುಮ್ಮನೆ ಕುಳಿತಿದ್ದಳು.

ತಪ್ಪು ಆಕೆಯದಾಗಿರಲಿಲ್ಲ. ಹುಡುಗರು ಅಂಕೆಗಳ ಬಣ್ಣವನ್ನು ಬಿಳಿಯೆಂದು ತಾವೇ ನಿಗದಿ ಮಾಡಿ, ಹಿನ್ನೆಲೆಯ ಬಣ್ಣವನ್ನು ಮಾತ್ರ ಫೋನಿನ ಆಪರೇಟಿಂಗ್ ಸಿಸ್ಟಂಗೆ ಬಿಟ್ಟಿದ್ದರು. ಅವರ ಹೊಸ ಫೋನುಗಳೆಲ್ಲವೂ ಕಪ್ಪು ಥೀಮಿಗೆ ಹೊಂದಿಸಿದಂಥವು. ಇಡೀ ಫೋನನ್ನು ಕಪ್ಪು ಥೀಮಿಗೆ ಹೊರಳಿಸುವ ಏರ್ಪಾಡು ಆಂಡ್ರಾಯ್ಡಿಗೆ ಬಂದುದು 2019ರಲ್ಲಿ, ಅದರ 10ನೆಯ ಆವೃತ್ತಿಯೊಡನೆ. ಅದಕ್ಕೂ ಹಿಂದಿನ ಫೋನು ತನ್ನ ವಾಡಿಕೆಯಂತೆ ಬಿಳಿಯ ಹಿನ್ನೆಲೆಯನ್ನೇ ಒದಗಿಸಿತು. ಬಿಳಿಯ ಮೇಲೆ ಬಿಳಿ ಬರೆದರೆ ಓದುವವರಾರು?

ಈ ಓದುವಿಕೆಯನ್ನು ಅಳೆಯಲೂ ಸಾಧ್ಯ. ಶುದ್ಧ ಬಿಳುಪಿನ ಬೆಳಕನ್ನು 1 ಎಂದೂ ಕಪ್ಪಿನದನ್ನು 0 ಎಂದೂ ಇಟ್ಟುಕೊಂಡು, ಪರದೆಯಿಂದ ಪ್ರತಿಫಲಿಸುವ ಹೊರಗಿನ ಬೆಳಕಿಗಾಗಿ ಎರಡಕ್ಕೂ 0.05 ಕೂಡಿಸಿ ಭಾಗಿಸಬೇಕು. ಕಪ್ಪಿನ ಮೇಲೆ ಬಿಳಿಗೆ 1.05ನ್ನು 0.05ರಿಂದ ಭಾಗಿಸಿದರೆ 21 ಬರುತ್ತದೆ. ಬಿಳಿಯ ಮೇಲೆ ಬಿಳಿಗೆ ಬರುವುದು ಬರಿಯ 1. ಸಾಮಾನ್ಯ ಗಾತ್ರದ ಅಕ್ಷರಗಳಿಗೆ ಈ ಅನುಪಾತವು 4.5ಕ್ಕೆ ಕಡಮೆಯಿರಬಾರದೆಂಬುದು ಅಂತರರಾಷ್ಟ್ರೀಯ ಮಾರ್ಗಸೂಚಿ. ಇನ್ನು ಮಧ್ಯಾಹ್ನದ ಬಿಸಿಲಿನಲ್ಲಿ ಹೆಬ್ಬಾಳದ ನಿಲ್ದಾಣದಲ್ಲಿ ನಿಂತು ಫೋನು ನೋಡುವವರ ಪಾಡನ್ನು ಯೋಚಿಸಿರಿ. ಪ್ರತಿಫಲಿಸುವ ಬೆಳಕು 0.05ರ ಬದಲು 0.5 ಆಯಿತೆಂದರೆ, 21 ಇದ್ದ ಅನುಪಾತವು 3ಕ್ಕೆ ಇಳಿಯುತ್ತದೆ. ಬಣ್ಣದ ಆಯ್ಕೆಯು ಅಲಂಕಾರದ ಮಾತಷ್ಟೇ ಅಲ್ಲವೆಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಕನ್ನಡಿಗರಿಗೆ ಮತ್ತೊಂದು ತೊಡಕೂ ಉಂಟು. ಅದೇ ಆ್ಯಪಿನ ಗುಂಡಿಯ ಮೇಲೆ 'ಲೆಕ್ಕ' ಎಂದು ಬರೆದಿದ್ದಿತು. ಹಳೆಯ ಫೋನಿನಲ್ಲಿ ಅದರ ಒತ್ತು ಕತ್ತರಿಸಿಹೋಗಿ 'ಲೆಕ' ಎಂದು ಕಾಣುತ್ತಿತ್ತು. ಯೂನಿಕೋಡಿನಲ್ಲಿ ಕನ್ನಡಕ್ಕೆ 1991ರಲ್ಲೇ ಸ್ಥಾನ ದೊರೆತಿದೆ. 'ಕ' ಅಕ್ಷರದ ಸಂಕೇತವು ಯಾವ ಫೋನಿನಲ್ಲಿಯೂ ಬದಲಾಗುವುದಿಲ್ಲ. ಆದರೆ ಆ ಸಂಕೇತಕ್ಕೆ ರೂಪ ಕೊಡುವ ಅಕ್ಷರವಿನ್ಯಾಸವೂ ಸಾಲಿನ ಎತ್ತರವೂ ಆವೃತ್ತಿಯಿಂದ ಆವೃತ್ತಿಗೆ ಬದಲಾಗುತ್ತವೆ. ಹಿಂದಿನ ಆವೃತ್ತಿಗಳು ಸಾಲಿನ ಎತ್ತರವನ್ನು ಮುಖ್ಯವಾಗಿ ರೋಮನ್ ಅಕ್ಷರಗಳ ಅಳತೆಯಿಂದಲೇ ಎಣಿಸುತ್ತಿದ್ದುವು. ಇತರ ಲಿಪಿಗಳ ಅಳತೆಯನ್ನೂ ಗಣನೆಗೆ ತೆಗೆದುಕೊಳ್ಳುವ ಏರ್ಪಾಡು ಬಂದುದು 2018ರ ಆಂಡ್ರಾಯ್ಡ್ 9ರಲ್ಲಿ. ಗುಂಡಿಯ ಎತ್ತರವನ್ನು ಬಿಗಿಯಾಗಿ ಗೊತ್ತುಪಡಿಸಿದವರು ಇಂಗ್ಲಿಷನ್ನು ಮಾತ್ರ ನೆನೆದಿದ್ದರೆಂದೇ ಹೇಳಬೇಕು. ಕನ್ನಡದ ಅಕ್ಷರಕ್ಕೆ ಕಾಲೂ ಉಂಟೆಂಬುದನ್ನು ಕನ್ನಡದ ಹುಡುಗರೇ ಮರೆತರೆ ಹೇಗೆ?

ಇದಕ್ಕೆ ಪರಿಹಾರವಿಲ್ಲವೆ? ಧಾರಾಳವಾಗಿ ಇದೆ. ಫೋನು ಕೊಟ್ಟ ಬಟ್ಟೆಯನ್ನು ತೊಡುವ ಬದಲು, ಆ್ಯಪ್ ತನ್ನ ಬಟ್ಟೆಯನ್ನು ತಾನೇ ಹೊತ್ತು ತರಬಹುದು. ಗೂಗಲ್ ಸಂಸ್ಥೆಯು ಆ್ಯಪ್‌ಕಾಂಪ್ಯಾಟ್ ಎಂಬ ಸಿದ್ಧ ಸಾಮಗ್ರಿಯನ್ನು 2013ರಲ್ಲಿ ಹೊರತಂದುದು ಈ ಉದ್ದೇಶದಿಂದಲೇ. ಹೊಸ ಆವೃತ್ತಿಯ ಗುಂಡಿ, ಪಟ್ಟಿ, ಬಣ್ಣಗಳನ್ನು ಅದು ಹಳೆಯ ಆವೃತ್ತಿಗಳಲ್ಲಿಯೂ ಒದಗಿಸುತ್ತದೆ. ಬಿಳಿ ಮತ್ತು ಕಪ್ಪು ಥೀಮುಗಳೆರಡನ್ನೂ ಅದರ ಮೂಲಕವೇ ಪಡೆಯಬಹುದಾಗಿದೆ. ಕನ್ನಡದ ಅಕ್ಷರವಿನ್ಯಾಸವನ್ನೂ ಆ್ಯಪಿನೊಳಗೇ ಸೇರಿಸಬಹುದು. ಇವೆಲ್ಲಕ್ಕಿಂತ ಮುಖ್ಯವಾದ ನಿಯಮ ಒಂದೇ: ಅಕ್ಷರದ ಬಣ್ಣವನ್ನೂ ಹಿನ್ನೆಲೆಯ ಬಣ್ಣವನ್ನೂ ಯಾವಾಗಲೂ ಜೊತೆಯಾಗಿಯೇ ಗೊತ್ತುಪಡಿಸಬೇಕು, ಒಂದನ್ನು ಹಿಡಿದು ಇನ್ನೊಂದನ್ನು ಬಿಡಬಾರದು.

ಹಳೆಯ ಫೋನುಗಳಿಗಾಗಿ ಇಷ್ಟೊಂದು ಶ್ರಮವೇಕೆ, ಅವನ್ನು ಕೈಬಿಡಬಾರದೇಕೆ ಎಂದು ಕೆಲವರು ಕೇಳುವುದುಂಟು. ಈ ಆಕ್ಷೇಪಣೆಯಲ್ಲಿ ಸತ್ಯಾಂಶವಿಲ್ಲದಿಲ್ಲ. ಪ್ರತಿಯೊಂದು ಆವೃತ್ತಿಯಲ್ಲಿಯೂ ಪರೀಕ್ಷಿಸಲು ಕಾಲ ಬೇಕು. ಭದ್ರತೆಯ ತಿದ್ದುಪಡಿಗಳು ನಿಂತುಹೋದ ಫೋನಿನಲ್ಲಿ ಹಣದ ವ್ಯವಹಾರ ಬೇಡವೆಂದು ಒಂದು ಬ್ಯಾಂಕು ನಿರ್ಧರಿಸಿದರೆ ಅದನ್ನು ನಾವು ತಪ್ಪೆನ್ನಲಾರೆವು. ಎಲ್ಲ ಅಲಂಕಾರವೂ ಎಲ್ಲೆಡೆ ಒಂದೇ ರೀತಿ ಇರಬೇಕೆಂಬ ಹಟವೂ ನಮಗಿಲ್ಲ. ಗುಂಡಿಯ ಕೆಳಗಿನ ನೆರಳು ಹಳೆಯ ಪರದೆಯಲ್ಲಿ ಮೂಡದಿದ್ದರೆ ಯಾರಿಗೂ ನಷ್ಟವಿಲ್ಲ. ಆದರೆ ಅರ್ಥವನ್ನು ಹೊತ್ತಿರುವ ಅಂಕೆ, ಅಕ್ಷರ, ಗುಂಡಿಯ ಸ್ಥಾನ ಹಾಗೂ ಎಚ್ಚರಿಕೆಯ ಬಣ್ಣ ಎಲ್ಲರಿಗೂ ಒಂದೇ ಆಗಿರತಕ್ಕದ್ದು. ಇಲ್ಲವಾದರೆ ಪಕ್ಕದಲ್ಲಿ ಕುಳಿತವರು 'ಕೆಳಗಿನ ನೀಲಿ ಗುಂಡಿ ಒತ್ತು' ಎಂದು ಹೇಳಿಕೊಡುವುದೂ ಅಸಾಧ್ಯವಾಗುತ್ತದೆ. ಕಲಿಕೆಯ ಬಹುಪಾಲು ನಡೆಯುವುದು ಹೀಗೆ ಒಬ್ಬರಿಂದೊಬ್ಬರಿಗೆ ಅಲ್ಲವೆ?

ಲೋಲಕದ ಲೆಕ್ಕಕ್ಕೆ ಹೊಸ ಫೋನೇನೂ ಬೇಕಾಗಿಲ್ಲ. ಯಶವಂತಪುರ, ಆರ್.ಟಿ. ನಗರಗಳಿಂದ ಬಸ್ಸು ಹತ್ತಿ ಬರುವ ನಮ್ಮ ವಿದ್ಯಾರ್ಥಿಗಳಲ್ಲಿ ಮನೆಯ ಹಿರಿಯರ ಫೋನನ್ನೇ ನೆಚ್ಚಿಕೊಂಡವರು ಹಲವರಿದ್ದಾರೆ. ಹುಡುಗರಿಗೆ ನಾವು ಇದನ್ನು ವಿವರಿಸಿದಾಗ, ಒಂದು ಸಂಜೆಯಲ್ಲಿಯೇ ಅವರು ಆ್ಯಪನ್ನು ತಿದ್ದಿದರು. ಮರುವಾರ ಆ ವಿದ್ಯಾರ್ಥಿನಿಯ ಪರದೆಯಲ್ಲಿ 40.2 ಎಂಬ ಅಂಕೆ ನಿಚ್ಚಳವಾಗಿ ಕಂಡಿತು. ಆ್ಯಪ್ ಬರೆಯುವ ನಮ್ಮ ತರುಣ ವಾಚಕರಲ್ಲಿ ನಮ್ಮ ವಿನಂತಿಯಿಷ್ಟೇ: ಕೆಲಸ ಮುಗಿಯಿತೆಂದು ಹೇಳುವ ಮುನ್ನ, ನಿಮ್ಮ ತರಗತಿಯಲ್ಲಿರುವ ಅತ್ಯಂತ ಹಳೆಯ ಫೋನನ್ನು ಕೇಳಿ ಪಡೆದು, ಬಿಸಿಲಿಗೆ ಹೋಗಿ ಒಮ್ಮೆ ನೋಡಿರಿ.