ಅಲಗೇರಿಯ ರನ್‌ವೇ: ನಮ್ಮ ಹೊತ್ತು ಯಾವುದು, ಬರೆದುಕೊಡಿ

ಅಂಕೋಲೆ, ಕಾರವಾರ, ಕುಮಟೆಯ ಬಂಧುಗಳೇ,

"ಅಲಗೇರಿಯಲ್ಲಿ ವಿಮಾನ ಇಳಿಯುತ್ತದಂತೆ" ಎಂಬ ಮಾತು ನಮ್ಮ ಚಾದಂಗಡಿಗಳ ಬೆಂಚಿನ ಮೇಲೆ ವರ್ಷಗಳಿಂದ ಕೂತಿದೆ. ಅದರ ಪಕ್ಕದಲ್ಲೇ ಇನ್ನೊಂದು ಮಾತೂ ಕೂತಿದೆ: "ಇಳಿದರೆ ನಮಗೇನು, ನಾವು ಬೇಲಿಯ ಹೊರಗಿನವರು." ಈ ಕರಪತ್ರ ಎರಡನೆಯ ಮಾತಿನ ಬಗ್ಗೆ.

ಅಲಗೇರಿ, ಭಾವಿಕೇರಿ, ಬೆಳಸೆಯ ಜಮೀನಿನಲ್ಲಿ ಬರುತ್ತಿರುವುದು ನೌಕಾಪಡೆಯ ವಿಮಾನ ನಿಲ್ದಾಣ. ಅದರ ಮಗ್ಗುಲಲ್ಲಿ ಸಾರ್ವಜನಿಕರಿಗೊಂದು ಟರ್ಮಿನಲ್ ಬೇಕು ಎಂಬುದು ರಾಜ್ಯ ಸರ್ಕಾರದ ಬೇಡಿಕೆ. ಇದಕ್ಕೆ ಸಿವಿಲ್ ಎನ್‌ಕ್ಲೇವ್ ಎನ್ನುತ್ತಾರೆ. ಲೆಕ್ಕ ಸರಳ: ರನ್‌ವೇ ಅವರದು, ವಿಮಾನಕ್ಕೆ ಇಳಿ, ಏರು ಎಂದು ಹೇಳುವ ಗೋಪುರ ಅವರದು. ಟರ್ಮಿನಲ್ ಕಟ್ಟಡ, ವಿಮಾನ ನಿಲ್ಲುವ ಅಂಗಳ, ಅಲ್ಲಿಂದ ರನ್‌ವೇಗೆ ಸೇರುವ ದಾರಿ ಮಾತ್ರ ನಾಗರಿಕರದು, ಅದಕ್ಕೆ ಜಾಗ ಕೊಡಬೇಕಾದದ್ದು ರಾಜ್ಯ. ರಾಜ್ಯ ಕೊಡುವ ಜಾಗ ಎಂದರೆ ಯಾರ ಉತಾರದಲ್ಲಿರುವ ಜಾಗ ಎಂದು ಇಲ್ಲಿ ಬಿಡಿಸಿ ಹೇಳಬೇಕಿಲ್ಲ.

ಮೊದಲು ಚಿಕ್ಕದಾಗಿ ಯೋಚಿಸಿದ್ದ ರನ್‌ವೇಯನ್ನು 2,700 ಮೀಟರಿಗೆ ಉದ್ದ ಮಾಡುವ ಮಾತು ಬಂದದ್ದೇ ಏರ್‌ಬಸ್ 320ರಂಥ ಪ್ರಯಾಣಿಕರ ವಿಮಾನ ಇಳಿಯಲಿ ಎಂದು. ಹಾಗಾದರೆ ಉದ್ದವಾದ ಆ ತುಂಡಿನ ಮೇಲೆ ಸಾರ್ವಜನಿಕರಿಗೆ ಹಕ್ಕು ಉಂಟೋ, ದಯೆ ಉಂಟೋ? ನಾವು ಕೇಳುತ್ತಿರುವುದು ಇಷ್ಟೇ. ಹಕ್ಕು ಎನ್ನುವುದಾದರೆ ಅದು ಕಾಗದದಲ್ಲಿ ಇರಲಿ.

ಕಾಗದ ಯಾಕೆ ಎಂದರೆ, ಪಕ್ಕದ ಗೋವೆಯನ್ನು ನೋಡಿ. ದಾಬೋಳಿ ಪೋರ್ಚುಗೀಸರು ಕಟ್ಟಿದ ನಿಲ್ದಾಣ. 1961ರ ನಂತರ ನೌಕಾಪಡೆಯ ಕೈಗೆ ಬಂತು, ಇವತ್ತಿಗೂ ಅದು ಐಎನ್ಎಸ್ ಹಂಸಾ. ಲಕ್ಷಾಂತರ ಪ್ರವಾಸಿಗರು ಅಲ್ಲಿ ಇಳಿದರು, ಗೋವೆಯ ಅರ್ಧ ವ್ಯಾಪಾರ ಅದರ ಮೇಲೆ ನಿಂತಿತು. ಆದರೂ ವಾರದ ಐದು ದಿನ ಬೆಳಗಿನ ಕೆಲವು ಗಂಟೆ ನೌಕಾಪಡೆಯ ತರಬೇತಿಗೆ ಮೀಸಲು. ಆ ಹೊತ್ತಿನಲ್ಲಿ ನಾಗರಿಕ ವಿಮಾನ ಬರುವ ಹಾಗಿಲ್ಲ. ಕೊನೆಗೆ ಮೋಪಾದಲ್ಲಿ ಬೇರೆಯದೇ ನಿಲ್ದಾಣ ಕಟ್ಟಬೇಕಾಯಿತು, 2023ರ ಜನವರಿಯಲ್ಲಿ ಶುರುವಾಯಿತು. ಗೋವೆಯ ಬಳಿ ಅಷ್ಟು ದುಡ್ಡಿತ್ತು, ಅಷ್ಟು ಪ್ರವಾಸಿಗರಿದ್ದರು. ನಮಗೆ ಎರಡನೆಯ ನಿಲ್ದಾಣ ಯಾರೂ ಕಟ್ಟಿಕೊಡುವುದಿಲ್ಲ.

ಪುಣೆಯ ಲೋಹೆಗಾಂವ್ ವಾಯುಪಡೆಯದು. 2021ರ ಅಕ್ಟೋಬರಿನಲ್ಲಿ ರನ್‌ವೇ ದುರಸ್ತಿಗೆಂದು ಎರಡು ವಾರ ಒಂದೇ ಒಂದು ನಾಗರಿಕ ವಿಮಾನ ಹಾರಲಿಲ್ಲ. ದುರಸ್ತಿ ಬೇಡ ಎನ್ನಲಾಗದು. ಮನೆ ಒಡೆಯ ಸೂರು ರಿಪೇರಿಗೆ ತೆಗೆದಾಗ ಬಾಡಿಗೆಯವನು ಹೊರಗೆ ನಿಲ್ಲಲೇಬೇಕು. ಆದರೆ ನಾವು ಬಾಡಿಗೆಯವರಲ್ಲ, ನೆಲ ಕೊಟ್ಟವರು.

"ಭದ್ರತೆಯ ಜಾಗ, ಸಾರ್ವಜನಿಕರನ್ನು ಹೇಗೆ ಬಿಡುವುದು" ಎಂದು ಕೇಳುವವರಿದ್ದಾರೆ. ವಿಶಾಖಪಟ್ಟಣದಲ್ಲಿ ಪೂರ್ವ ನೌಕಾ ಕಮಾಂಡಿನ ಮುಖ್ಯ ಕಚೇರಿಯೇ ಇದೆ, ಅದೇ ಊರಿನ ಐಎನ್ಎಸ್ ಡೇಗಾದಲ್ಲಿ ಪ್ರಯಾಣಿಕರ ವಿಮಾನ ಹಗಲು ರಾತ್ರಿ ಹಾರಿವೆ. ಬಿಹಾರದ ದರ್ಭಾಂಗಾ ವಾಯುಪಡೆಯ ನೆಲೆ, 2020ರ ನವೆಂಬರಿನಲ್ಲಿ ಅಲ್ಲಿ ನಾಗರಿಕ ವಿಮಾನ ಶುರುವಾಗಿ ಮಿಥಿಲೆಯ ಜನ ಪಾಟ್ನಾಕ್ಕೆ ಹೋಗುವುದು ತಪ್ಪಿತು. ಭದ್ರತೆ ಎಲ್ಲ ಕಡೆಯೂ ಒಂದೇ. ಅಲ್ಲಿ ಆದದ್ದು ಇಲ್ಲಿ ಆಗದು ಎನ್ನಲು ಕಾರಣ ಬೇಕು.

ನಾವು ನೌಕಾಪಡೆಯ ವಿರೋಧಿಗಳಲ್ಲ. 2024ರ ಜುಲೈ 16ರಂದು ಶಿರೂರಿನ ಗುಡ್ಡ ಹೆದ್ದಾರಿಯ ಮೇಲೆ ಕುಸಿದಾಗ, ಕೆಸರಾಗಿ ಹರಿಯುತ್ತಿದ್ದ ಗಂಗಾವಳಿಯಲ್ಲಿ ಕಾಣೆಯಾದವರನ್ನು ಮುಳುಗಿ ಹುಡುಕಿದವರಲ್ಲಿ ನೌಕಾಪಡೆಯವರೂ ಇದ್ದರು. ದಂಡೆಯ ಮೇಲೆ ನಿಂತು ನೋಡಿದವರು ಅದನ್ನು ಮರೆಯುವುದಿಲ್ಲ. ಅದೇ ದಿನಗಳಲ್ಲಿ ಹೆದ್ದಾರಿ 66 ಬಂದಾಗಿ ಕುಮಟೆಯ ಕಡೆ ಹೋಗುವವರು ಎಲ್ಲೆಲ್ಲೋ ಸುತ್ತಿದ್ದನ್ನೂ ಮರೆಯುವುದಿಲ್ಲ. ಮಳೆಗಾಲದಲ್ಲಿ ನಮ್ಮ ಜಿಲ್ಲೆಗೆ ದಾರಿ ಎಂಬುದು ಗುಡ್ಡದ ಮರ್ಜಿ. ಅರಬೈಲು ಘಟ್ಟದ ತಿರುವಿನಲ್ಲಿ ಒಂದು ಲಾರಿ ಮಗುಚಿದರೆ ಸಾಕು, ಹುಬ್ಬಳ್ಳಿಗೆ ಹೊರಟ ಬಸ್ಸು ಎರಡು ತಾಸು ನಿಂತೇ ಬಿಡುತ್ತದೆ. ಎಕ್ಸ್‌ರೇ ಲಕೋಟೆಯನ್ನು ತೊಡೆಯ ಮೇಲಿಟ್ಟುಕೊಂಡು, ವಾಂತಿ ಬಾರದಿರಲೆಂದು ನಿಂಬೆಹಣ್ಣು ಮೂಸುತ್ತ ಕೂತ ಅಮ್ಮಂದಿರನ್ನು ಆ ಬಸ್ಸಿನಲ್ಲಿ ನಾವೆಲ್ಲ ಕಂಡವರೇ. ಹುಬ್ಬಳ್ಳಿ–ಅಂಕೋಲಾ ರೈಲು 1990ರ ದಶಕದಿಂದ ಬರುತ್ತಲೇ ಇದೆ, ಇನ್ನೂ ಬಂದಿಲ್ಲ.

ಇಲ್ಲೊಂದು ಮಾತು ಖಡಾಖಂಡಿತ ಹೇಳಿಬಿಡುತ್ತೇವೆ. ವಿಮಾನ ನಿಲ್ದಾಣ ಬಂದರೆ ಆಸ್ಪತ್ರೆ ಬಂದಂತೆ ಎಂದು ಯಾರಾದರೂ ಭಾಷಣ ಮಾಡಿದರೆ ಚಪ್ಪಾಳೆ ತಟ್ಟಬೇಡಿ. ಜಿಲ್ಲೆಗೆ ದೊಡ್ಡ ಆಸ್ಪತ್ರೆ ಬೇಕು ಎಂಬ ಹೋರಾಟ ಬೇರೆ, ಅದು ಹಾಗೆಯೇ ನಡೆಯಬೇಕು. ಕರಿ ಇಶಾಡ ಮಾವು ಬುಟ್ಟಿಗಟ್ಟಲೆ ದುಬೈಗೆ ಹಾರುತ್ತದೆ ಎಂಬುದೂ ಅಷ್ಟೇ, ಮುಟ್ಟಿದರೆ ಮೆತ್ತಗಾಗುವ ಆ ಹಣ್ಣು ಮೊದಲು ಹುಬ್ಬಳ್ಳಿ ಪೇಟೆಗೆ ನೆಟ್ಟಗೆ ತಲುಪಲಿ.

ಟರ್ಮಿನಲ್ ಕಟ್ಟಿದ ಕೂಡಲೇ ವಿಮಾನ ಬಂದೇ ಬರುತ್ತದೆ ಎಂದೂ ಇಲ್ಲ. ಬೀದರಿನವರನ್ನು ಕೇಳಿ. ವಾಯುಪಡೆಯ ನೆಲೆಯಲ್ಲಿ ಟರ್ಮಿನಲ್ ಕಟ್ಟಿ ವರ್ಷಗಟ್ಟಲೆ ಬೀಗ ಹಾಕಿಟ್ಟಿದ್ದರು. ಹೈದರಾಬಾದ್ ನಿಲ್ದಾಣದ ಒಪ್ಪಂದದಲ್ಲಿ 150 ಕಿಲೋಮೀಟರ್ ಒಳಗೆ ಇನ್ನೊಂದು ನಿಲ್ದಾಣ ಬರಬಾರದು ಎಂದು ಬರೆದಿತ್ತು. ನೋಡಿ, ಕಾಗದದಲ್ಲಿ ಬರೆದ ಒಂದು ಸಾಲು ಒಂದು ಜಿಲ್ಲೆಯನ್ನೇ ಕಾಯಿಸಿತು. 2020ರ ಫೆಬ್ರವರಿಯಲ್ಲಿ ಬೆಂಗಳೂರಿಗೆ ವಿಮಾನ ಹಾರಿತು, ನಿಂತಿತು. 2022ರಲ್ಲಿ ಮತ್ತೆ ಹಾರಿತು, ಮತ್ತೆ ನಿಂತಿತು. ಸಣ್ಣ ಊರುಗಳಿಗೆ ವಿಮಾನ ತರುವ ಕೇಂದ್ರದ ಉಡಾನ್ ಯೋಜನೆಯಲ್ಲಿ ಕಂಪನಿಗೆ ಸಿಗುವ ಸಹಾಯಧನ ಮೂರು ವರ್ಷದ್ದು, ಆಮೇಲೆ ಸೀಟು ತುಂಬಿದರೆ ಉಂಟು, ಇಲ್ಲದಿದ್ದರೆ ಇಲ್ಲ. ನಮ್ಮಲ್ಲಿ ಸೀಟು ತುಂಬುವವರು ಯಾರು? ಗೋಕರ್ಣಕ್ಕೆ ಬರುವವರು ಒಂದಿಷ್ಟು, ಕೈಗಾ ಅಣುವಿದ್ಯುತ್ ಸ್ಥಾವರದ ನೌಕರರು ಒಂದಿಷ್ಟು. ಎಲ್ಲಕ್ಕಿಂತ ಹೆಚ್ಚು ಮಂದಿ, ಪಂಜಾಬಿನಿಂದ ಕೇರಳದವರೆಗೆ ಊರಿರುವ, ಕಾರವಾರದ ನೌಕಾ ನೆಲೆಯ ಸಾವಿರಾರು ಕುಟುಂಬಗಳೇ. ರಜೆ ಸಿಕ್ಕಾಗ ಮಕ್ಕಳನ್ನು ಕಟ್ಟಿಕೊಂಡು ಗೋವೆಗೆ ಓಡುವುದು ಅವರಿಗೂ ತಪ್ಪುತ್ತದೆ. ನಾಗರಿಕ ವಿಮಾನ ಎಂದರೆ ನೌಕಾಪಡೆ ನಮಗೆ ಮಾಡುವ ಉಪಕಾರ ಎಂಬಂತೆ ಮಾತಾಡುವವರಿಗೆ ಇದನ್ನು ನೆನಪಿಸಿ. ಆದರೆ ಬೆಳಗಿನ ಹೊತ್ತೇ ಸಿಗದಿದ್ದರೆ ಯಾವ ಕಂಪನಿಯೂ ಬರುವುದಿಲ್ಲ. ಬೆಳಿಗ್ಗೆ ಬೆಂಗಳೂರಿಗೆ ಹೋಗಿ, ಕೆಲಸ ಮುಗಿಸಿ, ರಾತ್ರಿ ಮನೆಯಲ್ಲಿ ಉಣ್ಣುವಂತಿದ್ದರೆ ಮಾತ್ರ ಜನ ದುಡ್ಡು ಕೊಡುತ್ತಾರೆ. ಮಧ್ಯಾಹ್ನ ಎರಡಕ್ಕೆ ಹೊರಡುವ ವಿಮಾನಕ್ಕಿಂತ ರಾತ್ರಿಯ ಸ್ಲೀಪರ್ ಬಸ್ಸೇ ವಾಸಿ.

ಇನ್ನು ನೆಲದ ಮಾತು. ಕಾರವಾರದ ಸೀಬರ್ಡ್ ನೌಕಾ ನೆಲೆಗೆ ಅಡಿಗಲ್ಲು ಬಿದ್ದದ್ದು 1986ರಲ್ಲಿ, ಪ್ರಧಾನಿ ರಾಜೀವ್ ಗಾಂಧಿಯವರ ಕೈಯಿಂದ. ಅದೇ ನೆಲೆ ಐಎನ್ಎಸ್ ಕದಂಬ ಎಂದು ಸೇವೆಗೆ ಸೇರಿದ್ದು 2005ರಲ್ಲಿ. ನಡುವೆ ಕಾರವಾರ, ಅಂಕೋಲೆಯ ನಾಲ್ಕು ಸಾವಿರಕ್ಕೂ ಹೆಚ್ಚು ಕುಟುಂಬಗಳು ಎದ್ದುಹೋದವು, ಬಲೆ ಬೀಸುತ್ತಿದ್ದ ಕಡಲತೀರ ಬೇಲಿಯೊಳಗೆ ಹೋಯಿತು. ಪರಿಹಾರದ ಕೇಸು ಹಿಡಿದು ಕೋರ್ಟಿಗೆ ಅಲೆದ ಅಪ್ಪಂದಿರ ಫೈಲನ್ನು ಮಕ್ಕಳು ಹೊತ್ತು ತಿರುಗಿದರು. ಈಗ ಅಲಗೇರಿಯ ಕಡೆ ಅಂಗಳದ ಮಾವಿನ ಮರಕ್ಕೆ ಪೇಂಟಿನಲ್ಲಿ ನಂಬರು ಬರೆದಾಗ, ಮನೆಯ ಅಜ್ಜಿಗೆ ಆ ನಂಬರು ಏನೆಂದು ಯಾರೂ ಹೇಳಿಕೊಡಬೇಕಿಲ್ಲ. ಅದಕ್ಕೇ ಟರ್ಮಿನಲ್ ಬೇಕು ಎನ್ನುವ ನಾವೇ ಹೇಳುತ್ತೇವೆ: ಹಣ ಖಾತೆಗೆ ಬೀಳದೆ, ಮನೆ ಕಟ್ಟಲು ಬೇರೆ ಜಾಗದ ಕಬ್ಜಾ ಸಿಗದೆ, ಒಂದು ಮರವನ್ನೂ ಮುಟ್ಟಬಾರದು.

ಇದನ್ನೆಲ್ಲ ಬೆಂಗಳೂರು, ದೆಹಲಿ ನೋಡಿಕೊಳ್ಳುತ್ತವೆ ಎಂದು ನಮ್ಮ ಪಂಚಾಯಿತಿಗಳು ಸುಮ್ಮನೆ ಕೂತರೆ ತಪ್ಪಾಗುತ್ತದೆ. ಒಪ್ಪಂದಕ್ಕೆ ಸಹಿ ಹಾಕುವ ಅಧಿಕಾರಿಗೆ ವರ್ಗವಾಗುತ್ತದೆ, ಮಂತ್ರಿ ಬದಲಾಗುತ್ತಾರೆ. ಗ್ರಾಮಸಭೆಯ ನಡಾವಳಿ ಪುಸ್ತಕದಲ್ಲಿ ಬರೆದ ಠರಾವು ಉಳಿಯುತ್ತದೆ, ನಾಳೆ ಕೋರ್ಟಿನ ಮುಂದೆ ಇಡಲಿಕ್ಕೂ ಬರುತ್ತದೆ. ಅಂಕೋಲೆ ಪುರಸಭೆಯೂ ಸುತ್ತಲಿನ ಗ್ರಾಮ ಪಂಚಾಯಿತಿಗಳೂ ಒಂದೇ ಮಾತಿನ ಠರಾವು ಮಾಡಿ ಜಿಲ್ಲಾಧಿಕಾರಿಗೆ ಮುಟ್ಟಿಸಲಿ. ಮಾತು ಹುಡುಕಬೇಕಿಲ್ಲ, ಕೆಳಗೆ ಬರೆದಿದ್ದೇವೆ. ಈ ಭಾಗವನ್ನು ಹರಿದು ಗ್ರಾಮಸಭೆಗೆ ತನ್ನಿ. ಒಬ್ಬರು ಗಟ್ಟಿಯಾಗಿ ಓದಿ, ಇನ್ನೊಬ್ಬರು ಅನುಮೋದಿಸಿ, ನಡಾವಳಿಯ ಪ್ರತಿ ಕೈಗೆ ಸಿಗುವವರೆಗೆ ಏಳಬೇಡಿ.

"ಅಲಗೇರಿ ನೌಕಾ ವಿಮಾನ ನಿಲ್ದಾಣದಲ್ಲಿ ನಾಗರಿಕ ವಿಮಾನಗಳಿಗೆ ಬೆಳಿಗ್ಗೆ ಮತ್ತು ಸಂಜೆಯ ನಿಗದಿತ ಗಂಟೆಗಳನ್ನು ಒಪ್ಪಂದದಲ್ಲೇ ನಮೂದಿಸಬೇಕು. ಯುದ್ಧ ಹಾಗೂ ತುರ್ತು ಸಂದರ್ಭದ ಹೊರತು ಆ ಗಂಟೆಗಳನ್ನು ಮುನ್ಸೂಚನೆಯಿಲ್ಲದೆ ಕಡಿಮೆ ಮಾಡಬಾರದು. ಟರ್ಮಿನಲ್ಲಿಗೆ ಹೆದ್ದಾರಿಯಿಂದ ನೌಕಾಪಡೆಯ ಗೇಟು ದಾಟದ ಪ್ರತ್ಯೇಕ ಸಾರ್ವಜನಿಕ ರಸ್ತೆ ಇರಬೇಕು. ರೋಗಿಗಳನ್ನು ಸಾಗಿಸುವ ವಿಮಾನಕ್ಕೆ ಯಾವ ಹೊತ್ತಿನಲ್ಲೂ ಅನುಮತಿ ಇರಬೇಕು. ಭೂಮಿ, ಮನೆ ಕಳೆದುಕೊಂಡ ಕುಟುಂಬಗಳ ಪರಿಹಾರ ಮತ್ತು ಪುನರ್ವಸತಿ ಪೂರ್ಣವಾದ ನಂತರವೇ ಟರ್ಮಿನಲ್ ಕಾಮಗಾರಿ ಆರಂಭವಾಗಬೇಕು. ಟರ್ಮಿನಲ್ಲಿನ ಅಂಗಡಿ, ವಾಹನ ನಿಲುಗಡೆ, ಟ್ಯಾಕ್ಸಿ ಮತ್ತು ಗುತ್ತಿಗೆ ಕೆಲಸಗಳಲ್ಲಿ ಈ ಕುಟುಂಬಗಳಿಗೆ ಮೊದಲ ಆದ್ಯತೆ ಸಿಗಬೇಕು ಎಂದು ಈ ಸಭೆ ಸರ್ವಾನುಮತದಿಂದ ಠರಾಯಿಸಿತು."

ಅಂಕೋಲಾ ತಾಲೂಕಿನ ಕೆಲವು ನಾಗರಿಕರು
(ಈ ಕರಪತ್ರವನ್ನು ಯಾರು ಬೇಕಾದರೂ ಜೆರಾಕ್ಸ್ ಮಾಡಿ ಹಂಚಬಹುದು)