ಹಳದಿ ದೀಪ ಹತ್ತಿದಾಗ
ಡ್ಯಾಶ್‌ಬೋರ್ಡಿನಲ್ಲಿ ಎಂಜಿನ್ ಚಿತ್ರದ ಹಳದಿ ದೀಪ ಹತ್ತಿದರೆ ಏನೋ ಕೆಟ್ಟಿದೆ ಎಂದಷ್ಟೇ ತಿಳಿಯುತ್ತದೆ. ಏನು ಎಂಬುದರ ಸುಳಿವು ಸ್ಟಿಯರಿಂಗ್ ಕೆಳಗಿನ 16 ಪಿನ್ನಿನ ಸಾಕೆಟ್ಟಿನಲ್ಲಿ ಸಿಗುತ್ತದೆ. ಅಮೆರಿಕದಲ್ಲಿ 1996ರಿಂದ ಕಡ್ಡಾಯವಾದ ಈ ಒಬಿಡಿ-2 ವ್ಯವಸ್ಥೆ ನಮ್ಮ ಬಿಎಸ್-6 ಕಾರುಗಳಲ್ಲೂ ಇದೆ. ಅದು ದಾಖಲಿಸುವ ದೋಷದ ಕೋಡ್ ಓದುವ ಪುಟ್ಟ ಸ್ಕ್ಯಾನರ್, ಜಾಕಿ-ಸ್ಟೆಪ್ನಿಯಂತೆ, ಕಾರಿದ್ದವರ ಬಳಿ ಇರಲೇಬೇಕು.

ಕೋಡ್ ನೋಡಿ ಜನ ಸುಮ್ಮನೆ ಬಿಡಿಭಾಗ ಬದಲಿಸುತ್ತಾರೆ ಎಂಬ ಮೆಕ್ಯಾನಿಕ್‌ಗಳ ಆಕ್ಷೇಪದಲ್ಲಿ ಹುರುಳಿದೆ. ಪಿ0171 ಎಂದರೆ ಗಾಳಿ ಹೆಚ್ಚು, ಇಂಧನ ಕಡಿಮೆ ಎಂದಷ್ಟೇ; ಕಾರಣ ಬಿರುಕು ಬಿಟ್ಟ ರಬ್ಬರ್ ಪೈಪ್ ಇರಬಹುದು, ಧೂಳು ಹಿಡಿದ ಸೆನ್ಸರ್ ಇರಬಹುದು, ಸೋತ ಪೆಟ್ರೋಲ್ ಪಂಪ್ ಇರಬಹುದು. ಆದರೆ ಮೂರರ ಖರ್ಚು ಒಂದೇ ಅಲ್ಲ. ಕೋಡ್ ಬರೆದುಕೊಂಡು ಗ್ಯಾರೇಜಿಗೆ ಹೋದವರು, “ಪಂಪೇ ಅಂತ ಹೇಗೆ ಗೊತ್ತಾಯಿತು?” ಎಂದು ಕೇಳಬಲ್ಲರು. ಕೋಡ್ ಅಳಿಸುವ ಆತುರ ಮಾತ್ರ ಬೇಡ: ದೋಷ ಕಂಡ ಗಳಿಗೆಯ ವೇಗ, ತಾಪಮಾನಗಳ ದಾಖಲೆಯೂ ಅದರೊಂದಿಗೇ ಅಳಿಸಿಹೋಗುತ್ತದೆ.