ಪೇಟೆಗೆ ಜೀವ ತುಂಬುವ ಮಹನೀಯರಿಗೆ

ಪೇಟೆಗೆ ಜೀವ ತುಂಬಬೇಕೆಂಬ ಮಾತು ಈಚೆಗೆ ನಮ್ಮ ಸಣ್ಣ ಊರುಗಳಲ್ಲೂ ಬಹಳವಾಗಿ ಕೇಳಿಬರುತ್ತಿದೆ. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ, ತುಮಕೂರು ಜಿಲ್ಲೆಯ ಉತ್ತರ ಭಾಗದ ಈ ನಾಲ್ಕು ಪಟ್ಟಣಗಳಲ್ಲಿ ಯಾವ ಸಭೆಗೆ ಹೋದರೂ ಯಾರಾದರೊಬ್ಬ ಮಹನೀಯರು ಎದ್ದು ನಿಲ್ಲುತ್ತಾರೆ. ನಮ್ಮ ಅಂಗಡಿಬೀದಿ ಕಳೆಗುಂದಿದೆ, ಜನ ಎಲ್ಲವನ್ನೂ ಮೊಬೈಲಿನಲ್ಲಿಯೇ ತರಿಸಿಕೊಳ್ಳುತ್ತಾರೆ, ಸಂಜೆಯಾದರೆ ಮನೆ ಬಿಟ್ಟು ಹೊರಡುವವರಿಲ್ಲ, ಆದ್ದರಿಂದ ಒಂದು ಉತ್ಸವ ಮಾಡೋಣ ಎನ್ನುತ್ತಾರೆ. ಒಂದು ವೇದಿಕೆ, ಬಣ್ಣದ ದೀಪಗಳು, ಒಂದು ಆಹಾರಮೇಳ, ಬೆಂಗಳೂರಿನಿಂದ ಕರೆಸಿದ ಗಾಯಕರು, ಕೊನೆಗೆ ಹಾರ ಶಾಲುಗಳ ಸನ್ಮಾನ. ಇಷ್ಟಾದರೆ ಪೇಟೆಗೆ ಜೀವ ಬಂದಂತೆಯೇ ಎಂಬುದು ಅವರ ನಂಬಿಕೆ.

ಉತ್ಸವವೆಂದರೆ ನನಗೆ ದ್ವೇಷವಿಲ್ಲ. ಜನ ಒಂದೆಡೆ ಸೇರಬೇಕು, ನಗಬೇಕು, ಹಾಡು ಕೇಳಬೇಕು. ಇದಕ್ಕೆ ಬೇಡವೆನ್ನುವ ಅರಸಿಕನಾರು? ನನ್ನ ತಕರಾರು ಒಂದೇ. ಪೇಟೆಗೆ ಜೀವ ತುಂಬಲು ಹೊರಟವರು, ಅಲ್ಲಿ ಈಗಾಗಲೇ ಇರುವ ಜೀವವನ್ನು ಮೊದಲು ಎಬ್ಬಿಸಿ ಹೊರಕ್ಕೆ ಕಳುಹಿಸುತ್ತಿದ್ದಾರೆ.

ಇದು ಊಹೆಯ ಮಾತಲ್ಲ. ಕೆಲವು ವರ್ಷಗಳ ಹಿಂದೆ ಇಂಥ ಮೂರು ದಿನಗಳ ಹಬ್ಬವೊಂದನ್ನು ನಾನು ಕಣ್ಣಾರೆ ಕಂಡೆ. ಊರಿನ ಹೆಸರು ಇಲ್ಲಿ ಬೇಡ. ಹಬ್ಬಕ್ಕೆಂದು ಅಂಗಡಿಬೀದಿಯ ಎರಡೂ ತುದಿಗೆ ಗಳ ಕಟ್ಟಿದರು. ಬೀದಿಯ ಬದಿಯಲ್ಲಿ ಸೊಪ್ಪು, ಹೂವು, ಕಳ್ಳೆಪುರಿ ಇಟ್ಟುಕೊಂಡು ಕುಳಿತಿದ್ದವರನ್ನೆಲ್ಲ ಹಿಂದಿನ ದಿನವೇ ತೆರವು ಮಾಡಿದರು. ಅವರ ಜಾಗದಲ್ಲಿ ಕುರ್ಚಿಗಳು ಬಂದವು. ಮುಂದಿನ ಎರಡು ಸಾಲು ಗಣ್ಯರಿಗೆ. ನಾಲ್ಕನೆಯ ದಿನ, ನಾನು ದಿನವೂ ಸೊಪ್ಪು ಕೊಳ್ಳುವ ಮುದುಕಿ ಮತ್ತೆ ತನ್ನ ಜಾಗದಲ್ಲಿ ಕಾಣಿಸಿಕೊಂಡಳು. “ಏನಜ್ಜಿ, ಮೂರು ದಿನದಿಂದ ಕಾಣಲೇ ಇಲ್ಲ?” ಎಂದೆ. “ಪ್ಯಾಟೆ ಹಬ್ಬ ಅಲ್ವಾ ಮೇಷ್ಟ್ರೆ, ಪ್ಯಾಟೇಲಿ ಕೂತೋರ್ನೆಲ್ಲ ಎಬ್ಬಿಸಿದ್ರು. ಹಬ್ಬ ಮುಗಿದ ಮ್ಯಾಕೆ ಬಾ ಅಂದಿದ್ರು, ಬಂದಿವ್ನಿ” ಎಂದಳು. ಅವಳ ಮಾತಿನಲ್ಲಿ ವ್ಯಂಗ್ಯವಿರಲಿಲ್ಲ. ಮಳೆ ಬಂದು ಹೋಯಿತು ಎಂಬಂತೆ ಹೇಳಿದಳು. ಪೇಟೆಯ ಹಬ್ಬಕ್ಕೆ ಪೇಟೆಯವರೇ ಅಡ್ಡಿ ಎಂಬ ಈ ತರ್ಕ ಎಲ್ಲಿಂದ ಬಂತು?

ಪೇಟೆಯೆಂಬುದು ಅಪ್ಪಣೆಯಿಂದ ಹುಟ್ಟುವುದಿಲ್ಲ ಎಂಬುದನ್ನು ಕಲಿಯಲು ನಮ್ಮ ಸೀಮೆಯವರು ದೂರ ಹೋಗಬೇಕಾದ್ದಿಲ್ಲ. ಶಿರಾ 1687ರಿಂದ ಮೊಗಲರ ಸುಬಾದ ರಾಜಧಾನಿಯಾಗಿತ್ತು. ಕೋಲಾರ, ಹೊಸಕೋಟೆ, ದೊಡ್ಡಬಳ್ಳಾಪುರ, ಪೆನುಕೊಂಡೆಗಳು ಅದರ ಪರಗಣೆಗಳಾಗಿದ್ದವು. ದಿಲಾವರ್ ಖಾನನ ಕಾಲದಲ್ಲಿ ಅಲ್ಲಿ 50,000 ಮನೆಗಳಿದ್ದವೆಂದು ಪ್ರತೀತಿ. ಮುಂದೆ ಟಿಪ್ಪು ಶ್ರೀರಂಗಪಟ್ಟಣದ ಬಳಿ ಗಂಜಾಂ ಎಂಬ ಹೊಸ ಪೇಟೆಯನ್ನು ಕಟ್ಟಿಸಿದಾಗ, ಅದನ್ನು ತುಂಬಲು ಶಿರಾದಿಂದ 12,000 ಕುಟುಂಬಗಳನ್ನು ಬಲವಂತವಾಗಿ ಸಾಗಿಸಿದನೆಂದು ರೈಸ್ ಸಾಹೇಬರ ಗೆಜೆಟಿಯರು ಹೇಳುತ್ತದೆ. ದೊರೆಯ ಅಪ್ಪಣೆ, ಜನ ಗಂಟುಮೂಟೆ ಕಟ್ಟಿದರು. 1799ರಲ್ಲಿ ದೊರೆತನ ಬಿತ್ತು. ಗಂಜಾಂ ಇಂದು ಶ್ರೀರಂಗಪಟ್ಟಣದ ಮಗ್ಗುಲಿನ ಒಂದು ಸಣ್ಣ ಊರು. ಜನರನ್ನು ಕಳೆದುಕೊಂಡ ಶಿರಾ ತನ್ನ ಹಳೆಯ ಹಿರಿಮೆಗೆ ಮರಳಲಿಲ್ಲ. ಒಂದು ಪೇಟೆಯನ್ನು ತುಂಬಲು ಇನ್ನೊಂದನ್ನು ಬರಿದು ಮಾಡಿದ ಈ ಕಥೆಯನ್ನು ಉತ್ಸವ ಸಮಿತಿಯವರು ಒಮ್ಮೆ ಓದಿಕೊಂಡರೆ ನಷ್ಟವಿಲ್ಲ.

ಹಾಗಾದರೆ ಪೇಟೆ ಜೀವಂತವಾಗುವುದು ಹೇಗೆ? ಕನ್ನಡ ಪಾಠ ಹೇಳುವವನಾದ್ದರಿಂದ ಎರಡು ಮಾತುಗಳ ಕಡೆ ವಾಚಕರ ಗಮನ ಸೆಳೆಯುತ್ತೇನೆ. ‘ಜಾತ್ರೆ’ ಎಂಬುದು ‘ಯಾತ್ರೆ’ಯ ತದ್ಭವ, ‘ಪರಿಷೆ’ ಎಂಬುದು ‘ಪರಿಷತ್ತಿ’ನ ತದ್ಭವ. ಮೊದಲನೆಯದರಲ್ಲಿ ಜನ ತಾವಾಗಿ ನಡೆದು ಬರುವ ಅರ್ಥವಿದೆ. ಎರಡನೆಯದರಲ್ಲಿ ಬಂದವರು ಕೂಡಿ ಕುಳಿತುಕೊಳ್ಳುವ ಅರ್ಥವಿದೆ. ಈ ಎರಡರಲ್ಲಿಯೂ ಪ್ರೇಕ್ಷಕನೆಂಬ ಪ್ರಾಣಿಗೆ ಸ್ಥಳವಿಲ್ಲ. ಬಂದವರೆಲ್ಲ ಏನನ್ನಾದರೂ ಮಾಡುವವರೇ. ಮಾರುವವರು, ಕೊಳ್ಳುವವರು, ಹರಕೆ ತೀರಿಸುವವರು, ಹೆಣ್ಣು ನೋಡುವವರು, ಬೀಗರೊಡನೆ ಜಗಳ ಬಗೆಹರಿಸಿಕೊಳ್ಳುವವರು. ಮಧುಗಿರಿಯ ದಂಡಿನ ಮಾರಮ್ಮನ ಜಾತ್ರೆಗೆ ಜನ ಸೇರುವುದು ಹೀಗೆ. ಶನಿವಾರದಂದು, ಅದರಲ್ಲೂ ಶ್ರಾವಣದ ಶನಿವಾರಗಳಂದು, ಪಾವಗಡದ ಶನಿಮಹಾತ್ಮನ ಗುಡಿಯ ಸುತ್ತಣ ಬೀದಿಗಳಲ್ಲಿ ಕನ್ನಡ ತೆಲುಗುಗಳೆರಡೂ ಕಲೆತು ಹರಿಯುವುದು ಹೀಗೆ. ಕೊರಟಗೆರೆ ತಾಲ್ಲೂಕಿನ ಗೊರವನಹಳ್ಳಿಗೆ ಹೋಗುವವರು ದಾರಿಯ ಪೇಟೆಗಳಲ್ಲಿ ಹೂವು ಹಣ್ಣು ಕೊಳ್ಳುವುದೂ ಹೀಗೆಯೇ. ಇವರಿಗೆ ಯಾರೂ ಆಹ್ವಾನಪತ್ರಿಕೆ ಅಚ್ಚು ಹಾಕಿಸಿರಲಿಲ್ಲ.

ನಮ್ಮ ಹಳ್ಳಿಗಳ ಪೌರಾಣಿಕ ನಾಟಕವನ್ನೇ ನೋಡಿ. ಪಟ್ಟಣದ ಓದುಗರಿಗೆ ಇದರ ಕ್ರಮ ಗೊತ್ತಿರಲಾರದು. ಕುರುಕ್ಷೇತ್ರ ನಾಟಕವಾಡುವ ಊರಿನಲ್ಲಿ ನಟರಿಗೆ ಸಂಭಾವನೆ ಕೊಡುವುದಿಲ್ಲ. ನಟರೇ ಹಣ ಕೊಡುತ್ತಾರೆ. ದುರ್ಯೋಧನನ ಪಾತ್ರಕ್ಕೆ ಇಷ್ಟು, ಕೃಷ್ಣನಿಗೆ ಇಷ್ಟು, ಶಕುನಿಗೆ ಇಷ್ಟು ಎಂದು ಗೊತ್ತುಮಾಡಿ, ಆ ಹಣದಿಂದ ಹಾರ್ಮೋನಿಯಂ ಮೇಷ್ಟರಿಗೆ, ಸೀನರಿಯವರಿಗೆ, ಬಣ್ಣದವರಿಗೆ ಕೊಡುತ್ತಾರೆ. ಹಗಲೆಲ್ಲ ಟ್ರಾಕ್ಟರು ಓಡಿಸಿದವನು ತಿಂಗಳುಗಟ್ಟಲೆ ರಾತ್ರಿ ಕಂದಪದ್ಯ ಬಾಯಿಪಾಠ ಮಾಡಿ, ಕೈಯಿಂದ ದುಡ್ಡು ಹಾಕಿ, ಒಂದು ರಾತ್ರಿ ಕೌರವೇಶ್ವರನಾಗುತ್ತಾನೆ. ಬೆಳಗಿನವರೆಗೂ ಊರೆಲ್ಲ ಎದ್ದು ಕೂಡುತ್ತದೆ. ಸುತ್ತ ಕಾಫಿ ಟೀ, ಬೋಂಡ, ಬತ್ತಾಸುಗಳ ಅಂಗಡಿ ತಾನಾಗಿ ಹುಟ್ಟಿಕೊಳ್ಳುತ್ತದೆ. ಇದೇ ಜಿಲ್ಲೆಯ ಗುಬ್ಬಿಯೆಂಬ ಸಂತೆಯೂರಿನಲ್ಲಿ 1884ರಲ್ಲಿ ಹುಟ್ಟಿದ ನಾಟಕ ಕಂಪನಿ ಮುಂದೆ ವೀರಣ್ಣನವರ ಕೈಯಲ್ಲಿ ನಾಡಿನ ಹೆಸರನ್ನೇ ಎತ್ತಿಹಿಡಿಯಿತು. ಅಂಥ ಕಂಪನಿಗಳು ಊರಿಂದೂರಿಗೆ ಜಾತ್ರೆಗಳನ್ನು ನೋಡಿಕೊಂಡು ಡೇರೆ ಹಾಕುತ್ತಿದ್ದವು. ಕಲೆ ಜನರಿದ್ದ ಕಡೆ ಹೋಯಿತೇ ಹೊರತು, ಕಲೆಗಾಗಿ ಜನರನ್ನು ಎಬ್ಬಿಸಲಿಲ್ಲ.

ಇದಕ್ಕೆ ಒಂದು ಆಕ್ಷೇಪಣೆ ಬರುವುದುಂಟು. ‘ಮೇಷ್ಟರೇ, ಕಾಲ ಬದಲಾಗಿದೆ; ಜಾತ್ರೆ ಸಂತೆಗಳ ಕಾಲ ಮುಗಿಯಿತು. ಬೆಂಗಳೂರಿನಲ್ಲಿ ಹೊಸ ಹೊಸ ಉತ್ಸವಗಳಾಗುತ್ತಿಲ್ಲವೆ?’ ಆಗುತ್ತಿವೆ, ಸಂತೋಷ. ಆದರೆ ಅಲ್ಲಿ ಗೆದ್ದ ಉತ್ಸವಗಳು ಯಾವುವೆಂದು ನೋಡಬೇಡವೆ? ಎರಡು ದಶಕಗಳಿಂದ ಚಿತ್ರಕಲಾ ಪರಿಷತ್ತು ನಡೆಸುತ್ತಿರುವ ಚಿತ್ರಸಂತೆಯ ದಿನ ಕುಮಾರಕೃಪ ರಸ್ತೆಯ ಉದ್ದಕ್ಕೂ ಕಲಾವಿದರೇ ತಮ್ಮ ಚಿತ್ರಗಳನ್ನು ಹರಡಿಕೊಂಡು ಕೂರುತ್ತಾರೆ, ತಾವೇ ಬೆಲೆ ಹೇಳುತ್ತಾರೆ, ತಾವೇ ಮಾರುತ್ತಾರೆ. ಹೆಸರಿನಲ್ಲಿಯೇ ಸಂತೆಯಿದೆ, ರೀತಿಯೂ ಸಂತೆಯದೇ. ಬಸವನಗುಡಿಯ ಕಡಲೆಕಾಯಿ ಪರಿಷೆ ಕಾರ್ತಿಕದ ಕೊನೆಯ ಸೋಮವಾರದ್ದು. ಅಲ್ಲಿ ಬೀದಿಯುದ್ದಕ್ಕೂ ರಾಶಿ ಹಾಕಿ ಕೂರುವವರು ರೈತರು, ಸಣ್ಣ ವ್ಯಾಪಾರಿಗಳು. ಆ ಪರಿಷೆ ಅನಾದಿಯೆಂದು ಹೇಳುವವರಿಗೆ ಒಂದು ಮಾತು: ಕಡಲೆಕಾಯಿಯೇ ದಕ್ಷಿಣ ಅಮೆರಿಕದಿಂದ ಬಂದ ಬೆಳೆ. ಹೊರಗಿನಿಂದ ಬಂದ ಬೆಳೆಯೊಂದು ಇಲ್ಲಿಯ ಮಣ್ಣಿಗೆ ಒಗ್ಗಿ, ಇಲ್ಲಿಯ ಬಸವಣ್ಣನಿಗೆ ನೈವೇದ್ಯವಾಗಿ, ಪರಿಷೆಯಾಯಿತು. ಎಂದರೆ ಹೊಸ ಸಂಪ್ರದಾಯ ಹುಟ್ಟಬಹುದು. ಆದರೆ ಅದು ಬೆಳೆದವನ ಕೈಯಿಂದ ಹುಟ್ಟಬೇಕು.

ಇಲ್ಲಿಯೇ ನನ್ನ ಹೊಟ್ಟೆಕಿಚ್ಚು. ಮಳೆಯನ್ನೇ ನಂಬಿ ಕಡಲೆಕಾಯಿ ಬಿತ್ತುವ ಸೀಮೆ ಪಾವಗಡ, ಶಿರಾಗಳದು. ಆ ಬೆಳೆಯ ಹಬ್ಬವನ್ನು ರಾಜಧಾನಿ ಮಾಡುತ್ತದೆ. ಬೆಳೆದ ಊರಿಗೆ ಉಳಿಯುವುದು ತಕ್ಕಡಿ, ಮೂಟೆ, ದಲ್ಲಾಳಿಯ ಚೀಟಿ. ಬೇಸಿಗೆಯ ಹುಣಸೆಹಣ್ಣಿನ ಮಾತೂ ಇದೇ. ಮರ ನಮ್ಮದು, ಬಡಿದು ಬೀಜ ತೆಗೆಯುವ ಕೈ ನಮ್ಮ ಹೆಣ್ಣುಮಕ್ಕಳದು. ಆದರೆ ಅದನ್ನು ಬೀದಿಯಲ್ಲಿ ರಾಶಿ ಹಾಕಿ, ಇದು ನಮ್ಮ ಊರಿನ ಸೊಗಸು ಎಂದು ತೋರಿಸಿದ ದಿನವೊಂದನ್ನು ನಾನು ಈ ನಾಲ್ಕು ಊರುಗಳಲ್ಲಿ ಕಂಡಿಲ್ಲ. ಇವುಗಳ ಹೆಸರಿನಲ್ಲಿ ಒಂದು ಪರಿಷೆ ಮಾಡಲು ಬೆಂಗಳೂರಿನ ಗಾಯಕರು ಬೇಕೆ?

ಹಳೆಯದೆಲ್ಲ ಚಿನ್ನವೆಂದು ನಾನು ವಾದಿಸುತ್ತಿಲ್ಲ. ಜಾತ್ರೆಗಳಲ್ಲಿ ತೇರಿನ ಹಗ್ಗ ಯಾರು ಹಿಡಿಯಬೇಕು, ತಮಟೆ ಬಾರಿಸುವವನು ಎಲ್ಲಿಯವರೆಗೆ ಬರಬೇಕು ಎಂಬ ಕಟ್ಟುಪಾಡುಗಳಿದ್ದವು. ಅವು ಪೂರ್ತಿ ಹೋಗಿವೆಯೆಂದು ಎದೆ ಮುಟ್ಟಿಕೊಂಡು ಹೇಳುವವರು ಯಾರು? ಈ ಒಂದು ವಿಷಯದಲ್ಲಿ ಪೌರಸಂಸ್ಥೆಯ ಉತ್ಸವ ಮೇಲು. ಅದು ಯಾವ ಒಂದು ಜಾತಿಯ ಸೊತ್ತೂ ಅಲ್ಲ, ಅದರಲ್ಲಿ ಯಾರನ್ನೂ ದೂರ ನಿಲ್ಲು ಎನ್ನುವಂತಿಲ್ಲ. ಆದರೆ ಜಾತಿಯ ಗೆರೆಯನ್ನು ಅಳಿಸಿ ಅಲ್ಲಿ ಕುರ್ಚಿಯ ಗೆರೆಯನ್ನು ಎಳೆದರೆ ಏನು ಬಂತು? ಸಂತೆಯಲ್ಲಿ ಎಲ್ಲರ ಕಾಳನ್ನೂ ಅಳೆಯುವುದು ಒಂದೇ ತಕ್ಕಡಿ. ಆ ಸಮತೆಯನ್ನು ಹಬ್ಬಕ್ಕೂ ತರುವುದಾದರೆ, ಆಗ ಅದು ಜಾತ್ರೆಗಿಂತಲೂ ದೊಡ್ಡದು.

ಇನ್ನು ಮಾಡತಕ್ಕದ್ದೇನು? ಕಾನೂನು ಇದೆ, ಓದುವವರು ಬೇಕು. ಬೀದಿ ವ್ಯಾಪಾರಿಗಳ ಜೀವನೋಪಾಯ ರಕ್ಷಣೆಗೆಂದು 2014ರಲ್ಲಿ ಸಂಸತ್ತು ಮಾಡಿದ ಕಾಯಿದೆಯ ಪ್ರಕಾರ ಪ್ರತಿಯೊಂದು ಪಟ್ಟಣದಲ್ಲಿಯೂ ವ್ಯಾಪಾರ ಸಮಿತಿ ಇರಬೇಕು. ಅದರ ಸದಸ್ಯರಲ್ಲಿ ನೂರಕ್ಕೆ 40ಕ್ಕೆ ಕಡಿಮೆಯಿಲ್ಲದಂತೆ ಬೀದಿ ವ್ಯಾಪಾರಿಗಳೇ ಇರಬೇಕು. ಅವರಲ್ಲಿ ಮೂರನೆಯ ಒಂದು ಪಾಲು ಹೆಂಗಸರು. 50 ವರ್ಷಕ್ಕೆ ಮೇಲ್ಪಟ್ಟು ಬೀದಿ ವ್ಯಾಪಾರ ನಡೆದುಬಂದ ಸಹಜ ಮಾರುಕಟ್ಟೆಗಳನ್ನು ಪಾರಂಪರಿಕ ಮಾರುಕಟ್ಟೆಗಳೆಂದು ಘೋಷಿಸಬೇಕು, ಅಲ್ಲಿಯವರನ್ನು ಸ್ಥಳಾಂತರಿಸಕೂಡದು ಎಂದೂ ಆ ಕಾಯಿದೆಯ ಅನುಸೂಚಿ ಹೇಳುತ್ತದೆ. ಶಿರಾದ ನಗರಸಭೆ, ಮಧುಗಿರಿ ಪಾವಗಡಗಳ ಪುರಸಭೆ, ಕೊರಟಗೆರೆಯ ಪಟ್ಟಣ ಪಂಚಾಯಿತಿ, ಎಲ್ಲಕ್ಕೂ ಇದು ಒಂದೇ ಕಾನೂನು. ಬೀದಿ ವ್ಯಾಪಾರಿಗೆ 2020ರಿಂದ ಕೇಂದ್ರ ಸರಕಾರ ಸಾಲದ ಯೋಜನೆ ನಡೆಸುತ್ತಿದೆ. ಆರಂಭದಲ್ಲಿ ಮೊದಲ ಸಾಲ 10,000 ರೂಪಾಯಿ. ಒಂದು ಕೈಯಿಂದ ಸಾಲ ಕೊಟ್ಟು ಇನ್ನೊಂದು ಕೈಯಿಂದ ಕೂರುವ ಜಾಗ ಕಿತ್ತುಕೊಂಡರೆ ಅವನು ತೀರಿಸುವುದು ಯಾವುದರಿಂದ?

ಆದ್ದರಿಂದ ನನ್ನ ಸಲಹೆಗಳು ಸರಳವಾದವು. ಹಬ್ಬದ ಸಮಿತಿಯಲ್ಲಿ ಅರ್ಧದಷ್ಟು ಜನ ಆ ಬೀದಿಯಲ್ಲಿ ದಿನವೂ ಕುಳಿತು ಮಾರುವವರಾಗಿರಲಿ. ಹಬ್ಬದ ದಿನ ಗಣ್ಯರ ಬಿಡುವನ್ನು ನೋಡಿ ಗೊತ್ತಾಗದೆ ಬೆಳೆಯ ಕಾಲವನ್ನು ನೋಡಿ ಗೊತ್ತಾಗಲಿ. ಕಡಲೆಕಾಯಿ ಕಿತ್ತಾಗ ಪಾವಗಡದಲ್ಲಿ, ಹುಣಸೆ ಬಡಿದಾಗ ಕೊರಟಗೆರೆಯಲ್ಲಿ, ಕುರಿ ಕಂಬಳಿಗಳಿಗೆ ಶಿರಾದಲ್ಲಿ, ಕುರುಕ್ಷೇತ್ರಕ್ಕೆ ಮಧುಗಿರಿಯ ಏಕಶಿಲೆಯ ಬೆಟ್ಟದ ಬುಡದಲ್ಲಿ. ಆ ದಿನಗಳಂದು ಸಂತೆ ಸುಂಕವನ್ನು ಬಿಟ್ಟುಕೊಡಲಿ. ಹೊಸ ಸಂತೆ ಕಟ್ಟಿಸಿದಾಗ ಕೆಲವು ಕಾಲ ಸುಂಕ ಮಾಫಿ ಮಾಡಿ, ಕಟ್ಟಿಸಿದವನಿಗೆ ಪಟ್ಟಣಸ್ವಾಮಿಯ ಗೌರವ ಕೊಟ್ಟ ಉಲ್ಲೇಖಗಳು ನಮ್ಮ ಶಾಸನಗಳಲ್ಲುಂಟು. ನಾವಾದರೋ ಸುಂಕ ವಸೂಲಿಯನ್ನು ಹರಾಜು ಹಾಕುತ್ತೇವೆ. ವೇದಿಕೆಗೆ ಹಾಕುವ ಹಣದಲ್ಲಿ ನೆರಳಿಗೆ ಹತ್ತು ಹೊಂಗೆಮರ, ಕುಡಿಯುವ ನೀರು, ಹೆಂಗಸರಿಗೆ ಶೌಚಾಲಯ, ರಾತ್ರಿಗೆ ದೀಪ ಹಾಕಿಸಲಿ. 2,050 ಮೆಗಾವಾಟ್ ಸಾಮರ್ಥ್ಯದ ಸೌರ ವಿದ್ಯುತ್ ಪಾರ್ಕು ಇರುವ ಸೀಮೆಯಲ್ಲಿ ಸಂತೆ ಮೈದಾನಕ್ಕೆ ನಾಲ್ಕು ದೀಪ ಕೇಳುವುದು ದುರಾಸೆಯಲ್ಲ. ಸಂತೆ ಹೊತ್ತಿಗೆ ಮೂರು ಮೊಳ ನೇಯುವ ಚಾಳಿಯನ್ನು ಬಿಡೋಣ. ಹಬ್ಬ ಮೂರು ದಿನದ್ದಾದರೂ ನೆರಳು, ನೀರು, ದೀಪಗಳು ವರ್ಷವಿಡೀ ಇರುತ್ತವೆ.

ಕೊನೆಯದಾಗಿ ನಮ್ಮಂಥ ಓದಿದವರಿಗೊಂದು ಮಾತು. ಪೇಟೆ ಸತ್ತಿತೆಂದು ಮರುಗುವವರಲ್ಲಿ ನಾವೇ ಮೊದಲಿಗರು. ಸೊಪ್ಪಿನ ಬುಟ್ಟಿ ಕಾಲುದಾರಿಗೆ ಅಡ್ಡವಾಯಿತೆಂದು ದೂರು ಬರೆಯುವವರಲ್ಲಿಯೂ ನಾವೇ ಮೊದಲಿಗರು. ಈ ಎರಡೂ ಒಟ್ಟಿಗೆ ನಡೆಯಲಾರವು. ಪೇಟೆ ಬೇಕೆನ್ನುವವನು ಬುಟ್ಟಿಯನ್ನು ಸಹಿಸಬೇಕು; ಬುಟ್ಟಿಗೆ ಜಾಗವಿಲ್ಲದ ಬೀದಿಗೆ ಎಷ್ಟು ದೀಪ ಕಟ್ಟಿದರೂ ಅದು ಪೇಟೆಯಾಗುವುದಿಲ್ಲ.